ಓದುಗರ ಪ್ರಶ್ನೆಗಳಿಗೆ ಉತ್ತರ: ಕುಸ್ಕೊದ ಹಳೆಯ ಸೆಮಿನರಿಯಲ್ಲಿ ತಂಗುವ ಮುನ್ನ

ಪ್ರಶ್ನೆ: ನಾನು ಮತ್ತು ನನ್ನ ಪತ್ನಿ ಅಮೆರಿಕದ ಡಲ್ಲಾಸ್‌ನಲ್ಲಿ ನೆಲೆಸಿದ್ದೇವೆ. ಬರುವ ಜೂನ್‌ನಲ್ಲಿ ತುಮಕೂರಿನಿಂದ ನಮ್ಮ ತಂದೆ ತಾಯಿಯವರು ಬರಲಿದ್ದು, ಅವರನ್ನು ಪೆರು ದೇಶಕ್ಕೆ ಕರೆದೊಯ್ದು ಮಾಚು ಪಿಚು ತೋರಿಸಬೇಕೆಂದಿದ್ದೇವೆ. ಕುಸ್ಕೊ ನಗರದಲ್ಲಿ ಹಳೆಯ ಕ್ರೈಸ್ತ ಮಠವೊಂದನ್ನು ಐಷಾರಾಮಿ ಹೋಟೆಲ್ ಮಾಡಿದ್ದಾರಂತೆ. ಮೊನಾಸ್ಟೀರಿಯೊ ಎಂದು ಅದರ ಹೆಸರು. ಅಲ್ಲಿ ಕೋಣೆಯೊಳಕ್ಕೇ ಆಮ್ಲಜನಕ ಬಿಡುವ ವ್ಯವಸ್ಥೆ ಇರುವುದರಿಂದ ಮೊದಲ ದಿನವೇ ಅಲ್ಲಿ ಇಳಿದುಕೊಂಡರೆ ಹಿರಿಯರಿಗೆ ತೊಂದರೆಯಾಗದು ಎಂದು ಸ್ನೇಹಿತರು ಹೇಳುತ್ತಾರೆ. ತಂದೆಯವರಿಗೆ ರಕ್ತದೊತ್ತಡ ಇದೆ. ಅಷ್ಟು ಹಣ ಕೊಟ್ಟು ಅಲ್ಲಿ ತಂಗುವುದು ಯೋಗ್ಯವೇ?

ಉತ್ತರ: ನಿಮ್ಮ ಪತ್ರದಲ್ಲಿ ಆರೋಗ್ಯದ ಪ್ರಶ್ನೆಯೂ ಹಣದ ಪ್ರಶ್ನೆಯೂ ಒಂದರೊಳಗೊಂದು ಸೇರಿಕೊಂಡಿವೆ. ಆರೋಗ್ಯದ ಮಾತನ್ನು ಮೊದಲು ಮುಗಿಸೋಣ, ಏಕೆಂದರೆ ಆ ಹೋಟೆಲನ್ನು ಪ್ರವಾಸದ ಯಾವ ಹಂತಕ್ಕೆ ಇರಿಸಿಕೊಳ್ಳಬೇಕೆಂಬುದು ಅದರಿಂದಲೇ ತೀರ್ಮಾನವಾಗುತ್ತದೆ.

ಕುಸ್ಕೊ ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿದೆ. ನಮ್ಮ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರ್ ಮುಟ್ಟುವುದಿಲ್ಲವಾದ್ದರಿಂದ, ಲೇಹ್‌ಗೆ ಹೋಗಿ ಬಂದವರನ್ನು ಬಿಟ್ಟರೆ ನಮ್ಮವರಿಗೆ ಈ ಎತ್ತರದ ಅನುಭವ ಇರುವುದಿಲ್ಲ. ಅಲ್ಲಿಯ ಗಾಳಿಯಲ್ಲೂ ಆಮ್ಲಜನಕದ ಪಾಲು ಶೇ 21ರಷ್ಟೇ. ಆದರೆ ಗಾಳಿಯ ಒತ್ತಡವು ಸಮುದ್ರಮಟ್ಟದ ಮೂರನೇ ಎರಡು ಭಾಗಕ್ಕೆ ಇಳಿದಿರುವುದರಿಂದ ಪ್ರತಿ ಉಸಿರಿನಲ್ಲಿ ಒಳಹೋಗುವ ಆಮ್ಲಜನಕ ಅಷ್ಟರಮಟ್ಟಿಗೆ ಕಡಿಮೆ. ಲೀಮಾ ಕಡಲ ದಂಡೆಯ ಊರು. ಅಲ್ಲಿಂದ ವಿಮಾನ ಹತ್ತಿ ಒಂದೂವರೆ ಗಂಟೆಯೊಳಗೆ ಕುಸ್ಕೊದಲ್ಲಿ ಇಳಿದವರಿಗೆ ತಲೆನೋವು, ವಾಕರಿಕೆ, ಊಟ ಸೇರದಿರುವುದು, ರಾತ್ರಿ ಉಸಿರು ಸಿಕ್ಕಿದಂತಾಗಿ ಎಚ್ಚರವಾಗುವುದು ಸಾಮಾನ್ಯ. ಇದಕ್ಕೆ ವಯಸ್ಸಿನ ಭೇದವಿಲ್ಲ. ಮಾಗಡಿ ರಸ್ತೆಯ ಜಿಮ್‌ನಲ್ಲಿ ತೂಕ ಎತ್ತುವ ಯುವಕನೂ ಮೊದಲ ದಿನ ಮೆಟ್ಟಿಲ ಮೇಲೆ ಕುಳಿತುಬಿಡಬಹುದು.

ಮೊನಾಸ್ಟೀರಿಯೊದಲ್ಲಿ ಹೆಚ್ಚುವರಿ ಶುಲ್ಕ ಕೊಟ್ಟವರ ಕೋಣೆಗೆ ಆಮ್ಲಜನಕ ಬೆರೆತ ಗಾಳಿಯನ್ನು ಹಾಯಿಸುವ ವ್ಯವಸ್ಥೆ ಇರುವುದು ನಿಜ. ಕೋವಿಡ್ ಕಾಲದಲ್ಲಿ ಮನೆಮನೆಗೂ ಪರಿಚಯವಾದ ಕಾನ್ಸಂಟ್ರೇಟರ್ ಒಬ್ಬ ರೋಗಿಗೆ ಕೊಳವೆಯ ಮೂಲಕ ಕೊಡುತ್ತಿದ್ದುದನ್ನು ಇಲ್ಲಿ ಇಡೀ ಕೋಣೆಗೆ ಕೊಡುತ್ತಾರೆ ಎಂದುಕೊಳ್ಳಬಹುದು. ಇದರಿಂದ ನಿದ್ದೆ ಚೆನ್ನಾಗಿ ಬರುತ್ತದೆ, ಅದು ಸಣ್ಣ ಉಪಕಾರವೇನಲ್ಲ. ಆದರೆ ಕೋಣೆಯಲ್ಲಿರುವಷ್ಟು ಹೊತ್ತು ದೇಹವು ತಾನು ಸ್ವಲ್ಪ ಕೆಳಗಿನ ಊರಿನಲ್ಲಿದ್ದೇನೆಂದು ತಿಳಿದಿರುತ್ತದೆಯೇ ಹೊರತು ಎತ್ತರಕ್ಕೆ ಒಗ್ಗಿಕೊಳ್ಳುವ ಕೆಲಸ ಅದರಿಂದ ಬೇಗ ಮುಗಿಯುವುದಿಲ್ಲ. ಬೆಳಿಗ್ಗೆ ಬಾಗಿಲು ತೆರೆದು ಅಂಗಳಕ್ಕೆ ಕಾಲಿಟ್ಟೊಡನೆ ಮತ್ತೆ ಅದೇ 3,400 ಮೀಟರ್. ಅದನ್ನು ರಕ್ಷಾಕವಚವೆಂದು ನಂಬಿ ಮೊದಲ ದಿನವೇ ಹಿರಿಯರನ್ನು ಅಲ್ಲಿಗೆ ಕರೆದೊಯ್ಯುವುದನ್ನು ನಾನು ಒಪ್ಪುವುದಿಲ್ಲ.

ಅದಕ್ಕಿಂತ ಒಳ್ಳೆಯ ದಾರಿಯೊಂದಿದೆ, ಅದಕ್ಕೆ ಖರ್ಚೂ ಕಡಿಮೆ. ಕುಸ್ಕೊ ವಿಮಾನ ನಿಲ್ದಾಣದಲ್ಲಿ ಇಳಿದವರು ನಗರದಲ್ಲಿ ನಿಲ್ಲದೆ ನೇರವಾಗಿ ಕಾರಿನಲ್ಲಿ ಉರುಬಂಬಾ ಕಣಿವೆಗೆ ಇಳಿದುಬಿಡಿ. ಉರುಬಂಬಾ, ಒಯಾಂತಾಯ್ತಾಂಬೊ ಊರುಗಳು 2,800 ಮೀಟರಿನ ಆಸುಪಾಸಿನಲ್ಲಿವೆ. ಅಲ್ಲಿ ಎರಡು ರಾತ್ರಿ ಆರಾಮವಾಗಿ ಕಳೆದು, ಒಯಾಂತಾಯ್ತಾಂಬೊದಿಂದ ರೈಲು ಹಿಡಿದು, 2,430 ಮೀಟರ್ ಎತ್ತರದ ಮಾಚು ಪಿಚುವನ್ನು ನೋಡಿಕೊಂಡು, ಆಮೇಲೆ ಕುಸ್ಕೊಗೆ ಏರಿರಿ. ಮಾಚು ಪಿಚು ಕುಸ್ಕೊಗಿಂತ ಸುಮಾರು ಒಂದು ಕಿಲೋಮೀಟರ್ ಕೆಳಗಿದೆ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಹೀಗೆ ಮಾಡಿದರೆ ಮೊನಾಸ್ಟೀರಿಯೊದಲ್ಲಿ ತಂಗುವ ಹೊತ್ತಿಗೆ ದೇಹ ತಕ್ಕಮಟ್ಟಿಗೆ ಒಗ್ಗಿರುತ್ತದೆ, ನೀವು ದುಬಾರಿ ಕೋಣೆಯಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಮಲಗಿರುವ ಬದಲು ಎದ್ದು ಓಡಾಡಿ ಆ ಮನೆಯನ್ನು ನೋಡಬಹುದು. ತಂದೆಯವರು ಹೊರಡುವ ಮುನ್ನವೇ ತಮ್ಮ ವೈದ್ಯರನ್ನು ಕಂಡು, ರಕ್ತದೊತ್ತಡದ ಮಾತ್ರೆಯ ಜೊತೆಗೆ ಎತ್ತರದ ತೊಂದರೆ ತಡೆಯುವ ಅಸಿಟಜೋಲಮೈಡ್ ಮಾತ್ರೆಯನ್ನು ತೆಗೆದುಕೊಳ್ಳಬಹುದೇ ಎಂದು ಕೇಳಲಿ. ಸಲ್ಫಾ ಔಷಧಗಳ ಅಲರ್ಜಿ ಇದ್ದರೆ ಅದನ್ನು ತಪ್ಪದೆ ತಿಳಿಸಬೇಕು. ಕೂತಲ್ಲೇ ಏದುಸಿರು, ನಿಲ್ಲದ ಕೆಮ್ಮು, ಮಾತು ಅಥವಾ ನಡಿಗೆ ತಪ್ಪುವುದು ಕಂಡರೆ ಹೋಟೆಲಿನ ಆಮ್ಲಜನಕವನ್ನು ನೆಚ್ಚಿ ಕೂರದೆ ತಕ್ಷಣ ವೈದ್ಯರನ್ನು ಕರೆಸಿ ಕೆಳಗಿಳಿಯಬೇಕು. ಎಲ್ಲ ಕಡೆಯೂ ಕೊಡುವ ಕೋಕಾ ಎಲೆಯ ಕಷಾಯವನ್ನು ಅಲ್ಲಿ ಕುಡಿಯಲು ಅಡ್ಡಿಯಿಲ್ಲ, ಪೆರುವಿನಲ್ಲಿ ಅದು ಕಾನೂನುಬದ್ಧ. ಆದರೆ ಆ ಎಲೆಯ ಒಂದು ಪೊಟ್ಟಣವನ್ನೂ ಡಲ್ಲಾಸಿಗಾಗಲಿ ತುಮಕೂರಿಗಾಗಲಿ ತರಬೇಡಿ.

ಇನ್ನು ಹಣದ ಮಾತು. ಒಂದು ರಾತ್ರಿಗೆ ಹಲವು ನೂರು ಡಾಲರ್ ಕೇಳುವ ಹೋಟೆಲಿನಲ್ಲಿ ಬರೀ ಮಲಗಿ ಎದ್ದು ಹೋಗುವುದಾದರೆ ಅದು ನಷ್ಟವೇ. ಮೃದುವಾದ ಹಾಸಿಗೆ, ಬಿಸಿನೀರು, ನಗುಮುಖದ ಸೇವೆ ಕುಸ್ಕೊದಲ್ಲಿ ಇದರ ಕಾಲುಭಾಗದ ಬೆಲೆಗೂ ದೊರೆಯುತ್ತವೆ. ಇಲ್ಲಿ ನೀವು ಬೆಲೆ ಕೊಡುವುದು ಕಟ್ಟಡಕ್ಕೆ. 1598ರಲ್ಲಿ ಬಿಷಪ್ ಆಂಟೋನಿಯೊ ದೆ ಲಾ ರಾಯಾ ಸ್ಥಾಪಿಸಿದ ಸಾನ್ ಆಂಟೋನಿಯೊ ಅಬಾದ್, ಅಂದರೆ ಸಂತ ಆಂಟೋನಿಯ ಹೆಸರಿನ, ಸೆಮಿನರಿ ಇದು. ಹೆಸರು ಮಠವೆಂದಿದ್ದರೂ ಇದು ಪಾದ್ರಿಗಳಾಗುವವರಿಗೆ ಪಾಠ ಹೇಳುತ್ತಿದ್ದ ವಿದ್ಯಾಪೀಠ. 1692ರಲ್ಲಿ ಪೋಪ್ ಹನ್ನೆರಡನೆಯ ಇನೊಸೆಂಟ್ ಇದಕ್ಕೆ ಪದವಿ ಕೊಡುವ ಅಧಿಕಾರವಿತ್ತರು, ಇಂದಿನ ಕುಸ್ಕೊ ವಿಶ್ವವಿದ್ಯಾಲಯವು ಅದೇ ಸಂತನ ಹೆಸರು ಹೊತ್ತು ಅಲ್ಲಿಂದಲೇ ತನ್ನ ವಯಸ್ಸನ್ನು ಎಣಿಸುತ್ತದೆ. ಕಮಾನುಸಾಲಿನ ಅಂಗಳದ ನಡುವೆ ಸುಮಾರು 300 ವರ್ಷದ್ದೆಂದು ಹೇಳುವ ದೇವದಾರು ಜಾತಿಯ ಮರವೊಂದಿದೆ. ಅದರ ಸುತ್ತಲಿನ ಕೋಣೆಗಳು ಹಳೆಯ ಕಟ್ಟಡದ ಅಳತೆಗೆ ತಕ್ಕಂತೆ ಒಂದರಂತೆ ಇನ್ನೊಂದಿಲ್ಲ; ಗೋಡೆಗಳು ದಪ್ಪ, ಕೆಲವು ಕಿಟಕಿಗಳು ಕಿರಿದು, ನೆಲಮಹಡಿಯ ಕೆಲವು ಕೋಣೆಗಳಲ್ಲಿ ಬೆಳಕು ಸಾಲದು. ಕಾಯ್ದಿರಿಸುವಾಗಲೇ ಅಂಗಳದ ಕಡೆಯ, ಮೆಟ್ಟಿಲು ಕಡಿಮೆ ಇರುವ ಕೋಣೆಯನ್ನು ಬರಹದಲ್ಲಿ ಕೇಳಿಕೊಳ್ಳಿ. ಜೂನ್ ಅಲ್ಲಿ ಚಳಿಗಾಲ. ಹಗಲು ಬಿಸಿಲು ಚುರುಕಾಗಿದ್ದರೂ ರಾತ್ರಿಯ ತಾಪಮಾನ ಸೊನ್ನೆಯ ಹತ್ತಿರಕ್ಕೆ ಇಳಿಯುತ್ತದೆ. ಜೂನ್ 24ರ ಇಂತಿ ರಾಯ್ಮಿ ಎಂಬ ಸೂರ್ಯೋತ್ಸವದ ವಾರದಲ್ಲಂತೂ ಊರಿನಲ್ಲಿ ಕೋಣೆ ಸಿಗುವುದೇ ಕಷ್ಟ.

ಪ್ರವಾಸದ ಕೊನೆಯಲ್ಲಿ ಎರಡು ರಾತ್ರಿ, ಆ ಎರಡು ದಿನ ಬೇರೆ ಯಾವ ದೂರದ ಸುತ್ತಾಟವನ್ನೂ ಇಟ್ಟುಕೊಳ್ಳದೆ ತಂಗುವುದಾದರೆ ಹಣ ಸಾರ್ಥಕ ಎನ್ನುತ್ತೇನೆ. ಮುಂಜಾನೆ ಐದಕ್ಕೆ ಎದ್ದು ಹೋಗಿ ರಾತ್ರಿ ಒಂಬತ್ತಕ್ಕೆ ಮರಳುವವರಿಗೆ ಬೇರೆ ಹೋಟೆಲೇ ವಾಸಿ.

ಕಾಗದಪತ್ರಗಳ ವಿಷಯವಾಗಿ ಮೂರು ಮಾತು. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೆರುವಿನ ವೀಸಾ ಬೇಕು. ಆದರೆ ಅಮೆರಿಕದ ಮಾನ್ಯ ವೀಸಾ ಕನಿಷ್ಠ ಆರು ತಿಂಗಳ ಅವಧಿಯೊಂದಿಗೆ ಇದ್ದರೆ ಪ್ರವಾಸಕ್ಕೆ ಅದರಿಂದ ವಿನಾಯಿತಿ ಇದೆ, ಹೊರಡುವ ಮುನ್ನ ದೂತಾವಾಸದಲ್ಲಿ ಖಚಿತಪಡಿಸಿಕೊಳ್ಳಿ. ಪೆರು ಹಳದಿ ಜ್ವರದ ದೇಶಗಳ ಪಟ್ಟಿಯಲ್ಲಿರುವುದರಿಂದ ಅಲ್ಲಿಂದ ಹೊರಟ ಆರು ದಿನಗಳೊಳಗೆ ಭಾರತಕ್ಕೆ ಬಂದಿಳಿಯುವವರು ಲಸಿಕೆಯ ಪ್ರಮಾಣಪತ್ರ ತೋರಿಸಬೇಕು, ಇಲ್ಲವಾದರೆ ಪ್ರತ್ಯೇಕವಾಸದಲ್ಲಿ ಇರಿಸುತ್ತಾರೆ. 60 ದಾಟಿದವರಿಗೆ ಈ ಲಸಿಕೆ ಕೊಡುವ ಮುನ್ನ ವೈದ್ಯರು ಯೋಚಿಸುತ್ತಾರೆ. ನಿಮ್ಮ ತಂದೆ ತಾಯಿ ಪೆರುವಿನಿಂದ ಡಲ್ಲಾಸಿಗೆ ಮರಳಿ ಕೆಲವು ವಾರ ಇದ್ದು ಹೋಗುವುದಾದರೆ ಆ ತೊಡಕೇ ಬರುವುದಿಲ್ಲ. ಕೊನೆಯದಾಗಿ, ವಿದೇಶಿ ಪ್ರವಾಸಿಗರಿಗೆ ವಸತಿಯ ಮೇಲಿನ ಶೇ 18ರ ತೆರಿಗೆಯಿಂದ ವಿನಾಯಿತಿ ಇದೆ. ಈ ಮಟ್ಟದ ಬಿಲ್ಲಿನಲ್ಲಿ ಅದು ಸಣ್ಣ ಮೊತ್ತವಲ್ಲವಾದ್ದರಿಂದ ಪಾಸ್‌ಪೋರ್ಟನ್ನೂ ವಲಸೆ ವಿಭಾಗದ ಪ್ರವೇಶ ದಾಖಲೆಯನ್ನೂ ಮುಂಗಟ್ಟೆಯಲ್ಲಿ ತೋರಿಸಲು ಮರೆಯಬೇಡಿ.

ಪ್ರಶ್ನೆ: ಅದೇ ಹೋಟೆಲಿನೊಳಗೆ ಬಂಗಾರದ ಮುಲಾಮಿನ ಪ್ರಾರ್ಥನಾಲಯವಿದೆಯೆಂದು ಕೇಳಿದ್ದೇನೆ. ಅಲ್ಲಿನ ಚಿತ್ರಗಳ ವಿಶೇಷವೇನು? ಹೋಟೆಲ್ ಅತಿಥಿಗಳು ಅಲ್ಲಿ ಹೇಗೆ ನಡೆದುಕೊಳ್ಳಬೇಕು? — ಮಂಗಳೂರಿನ ಓದುಗರೊಬ್ಬರು

ಉತ್ತರ: 1650ರ ಮಾರ್ಚ್ 31ರ ಭೂಕಂಪದಲ್ಲಿ ಕುಸ್ಕೊದ ಬಹುಪಾಲು ಕಟ್ಟಡಗಳು ಬಿದ್ದುಹೋದವು. ಇಂದು ಆ ನಗರದಲ್ಲಿ ಕಾಣುವ ಬರೋಕ್ ಎಂಬ ಅಲಂಕಾರಭರಿತ ಯೂರೋಪಿನ ಶೈಲಿಯ ವೈಭವವೆಲ್ಲ ಹೆಚ್ಚಾಗಿ ಅದರ ನಂತರದ ಮರುನಿರ್ಮಾಣದ್ದು, ಸೆಮಿನರಿಯ ಪ್ರಾರ್ಥನಾಲಯವೂ ಆ ಕಾಲಕ್ಕೆ ಸೇರಿದ್ದು. ಮರದಲ್ಲಿ ಕೆತ್ತಿ ಚಿನ್ನದ ತಗಡು ಹೊದಿಸಿದ ಪೀಠ, ಗೋಡೆಗಳ ಮೇಲೆ ಭಾರಿ ಚೌಕಟ್ಟುಗಳಲ್ಲಿ ಸಂತ ಆಂಟೋನಿಯ ಜೀವನದ ಚಿತ್ರಗಳು ಅಲ್ಲಿವೆ. ನೀವು ಮಂಗಳೂರಿನವರಾದ್ದರಿಂದ ಸಂತ ಅಲೋಶಿಯಸ್ ಚಾಪೆಲನ್ನು ಮನಸ್ಸಿನಲ್ಲಿಟ್ಟುಕೊಂಡೇ ಇದನ್ನು ನೋಡುತ್ತೀರಿ, ನೋಡಲೂಬೇಕು. ಅಲ್ಲಿ ಇಟಲಿಯಿಂದ ಬಂದ ಜೆಸ್ವಿಟ್ ಸಹೋದರ ಆಂಟೋನಿಯೊ ಮೊಸ್ಕೇನಿ ತಮ್ಮ ದೇಶದ ಕಲೆಯನ್ನು ನಮ್ಮ ಕರಾವಳಿಯ ಗೋಡೆಗಳಿಗೆ ತಂದರು. ಕುಸ್ಕೊದಲ್ಲಿ ನಡೆದದ್ದು ಬೇರೆ. ಯೂರೋಪಿನಿಂದ ಬಂದ ಚಿತ್ರಕಾರರೂ ಅಚ್ಚಿನ ಹಾಳೆಗಳೂ ಕಲಿಸಿಕೊಟ್ಟ ವಿದ್ಯೆಯನ್ನು ಸ್ಥಳೀಯ ಕೆಚುವಾ ಕಲಾವಿದರು ಕಲಿತು, 1688ರಲ್ಲಿ ಸ್ಪೇನ್ ಮೂಲದವರೊಡನೆ ಜಗಳವಾಗಿ ಚಿತ್ರಕಾರರ ಸಂಘದಿಂದ ಹೊರಬಂದು, ತಮ್ಮದೇ ರೀತಿಯಲ್ಲಿ ಬರೆಯತೊಡಗಿದರು. ದೇವದೂತರಿಗೆ ಜರತಾರಿ ಅಂಗಿ ತೊಡಿಸಿ ಕೈಗೆ ಬಂದೂಕು ಕೊಟ್ಟರು; ಬಟ್ಟೆಯ ಮೇಲೆ ಚಿನ್ನದ ಗೆರೆ ಎಳೆದರು; ದೂರ ಹತ್ತಿರಗಳ ಲೆಕ್ಕವನ್ನು ಕೈಬಿಟ್ಟು ಹಿನ್ನೆಲೆಯಲ್ಲಿ ತಮ್ಮೂರಿನ ಹಕ್ಕಿ ಗಿಡಗಳನ್ನು ತುಂಬಿದರು. ದಿಯೆಗೊ ಕಿಸ್ಪೆ ತೀತೊ ಈ ಪಂಥದ ದೊಡ್ಡ ಹೆಸರು. ನಗರದ ಕೆಥೆಡ್ರಲ್‌ನಲ್ಲಿ ಮಾರ್ಕೋಸ್ ಸಪಾತಾ ಬರೆದ ಕೊನೆಯ ಭೋಜನದ ಚಿತ್ರದಲ್ಲಿ ಯೇಸುವಿನ ಮುಂದಿನ ತಟ್ಟೆಯಲ್ಲಿರುವುದು ಆಂಡೀಸ್ ಪ್ರದೇಶದ ಗಿನಿಯಿಲಿ. ಹೋಟೆಲಿನ ಪ್ರಾರ್ಥನಾಲಯದ ಚಿತ್ರಗಳನ್ನು ಬೆಳಿಗ್ಗೆ ನೋಡಿ, ಅದೇ ದಿನ ಕೆಥೆಡ್ರಲ್ಲಿಗೂ ಹೋದರೆ ಒಂದು ಇನ್ನೊಂದಕ್ಕೆ ಅರ್ಥ ಕೊಡುತ್ತದೆ.

ಒಂದು ವಿಚಿತ್ರವನ್ನು ಹೇಳದಿರಲಾರೆ. ಸಂತ ಆಂಟೋನಿ ಎಂದರೆ ಈಜಿಪ್ಟಿನ ಸಿರಿವಂತ ಮನೆಯ ಮಗ. ಆಸ್ತಿಯನ್ನೆಲ್ಲ ಹಂಚಿ ಮರಳುಗಾಡು ಸೇರಿದವರು, ಕ್ರೈಸ್ತ ಸನ್ಯಾಸ ಪರಂಪರೆಗೆ ಮೂಲಪುರುಷರೆಂದು ಎಣಿಸಲ್ಪಟ್ಟವರು. ಕುಸ್ಕೊದ ಬಹಳ ದುಬಾರಿ ಕೋಣೆಗಳಲ್ಲಿ ತಂಗಿದವರು ತಿಂಡಿಗೆ ಮುಂಚೆ ಅವರ ತ್ಯಾಗದ ಚಿತ್ರಗಳ ಮುಂದೆ ಹಾದುಹೋಗುತ್ತಾರೆ. ನಡವಳಿಕೆಯ ಬಗ್ಗೆ ನಿಮಗೆ ಹೇಳಿಕೊಡುವಂಥದ್ದು ಹೆಚ್ಚಿಲ್ಲ. ಚರ್ಚಿನಲ್ಲಿ ಇರುವಂತೆಯೇ ಅಲ್ಲಿಯೂ ಇರಿ, ಮದುವೆಯಂಥ ಸಮಾರಂಭ ನಡೆಯುತ್ತಿದ್ದರೆ ಒಳಗೆ ಹೋಗಬೇಡಿ, ಹಳೆಯ ಬಣ್ಣದ ಮೇಲೆ ಫ್ಲಾಶ್ ಬೆಳಕು ಬಿಡಬೇಡಿ.

ಪ್ರಶ್ನೆ: ನಮ್ಮೂರಿನ ಲಲಿತಮಹಲ್ ಅರಮನೆ ಹೋಟೆಲ್ ಆದಾಗ ಯಾರೂ ಬೇಸರಿಸಲಿಲ್ಲ. ಆದರೆ ಧಾರ್ಮಿಕ ಸ್ಥಳವನ್ನು ಹಣವಂತರ ವಸತಿಯಾಗಿ ಮಾಡುವುದು ಸರಿಯೇ? — ಮೈಸೂರಿನ ಓದುಗರೊಬ್ಬರು

ಉತ್ತರ: ಲಲಿತಮಹಲನ್ನು ನಾಲ್ವಡಿ ಕೃಷ್ಣರಾಜ ಒಡೆಯರು 1921ರಲ್ಲಿ ಕಟ್ಟಿಸತೊಡಗಿದ್ದೇ ವೈಸ್‌ರಾಯ್ ಮುಂತಾದ ಅತಿಥಿಗಳಿಗಾಗಿ. ಆದ್ದರಿಂದ 1974ರಲ್ಲಿ ಅದು ಹೋಟೆಲ್ ಆದಾಗ ಕಟ್ಟಡದ ಕೆಲಸ ಬದಲಾಗಲಿಲ್ಲ, ಅತಿಥಿಗಳು ಬದಲಾದರು ಅಷ್ಟೇ. ಸೆಮಿನರಿಯ ಕಥೆ ಹಾಗಲ್ಲ, ನಿಮ್ಮ ಪ್ರಶ್ನೆಗೆ ಬಲವಿದೆ.

ಆದರೂ ಕುಸ್ಕೊದ ವಿಷಯದಲ್ಲಿ ಪ್ರಶ್ನೆಯನ್ನು ಇನ್ನೊಂದು ಹೆಜ್ಜೆ ಹಿಂದಕ್ಕೆ ಒಯ್ಯಬೇಕಾಗುತ್ತದೆ. ಸ್ಪೇನಿನವರು ಆ ಸೆಮಿನರಿಯನ್ನು ಕಟ್ಟಿದ್ದು ಖಾಲಿ ಜಾಗದಲ್ಲಲ್ಲ. ತಮಗಿಂತ ಮುಂಚೆ ಆ ನಾಡನ್ನಾಳಿದ ಇಂಕಾಗಳ ಅಮಾರು ಕಾಲಾ ಎಂಬ ಅರಮನೆಯ ನಿವೇಶನದ ಮೇಲೆ. ಕೆಚುವಾ ಭಾಷೆಯಲ್ಲಿ ಅಮಾರು ಎಂದರೆ ಸರ್ಪ, ಹೋಟೆಲಿನ ಪಕ್ಕದ ಕಿರುಗಲ್ಲಿಗೆ ಇಂದಿಗೂ ಏಳು ಹಾವುಗಳ ಬೀದಿಯೆಂದೇ ಹೆಸರು, ಅಲ್ಲಿಯ ಗೋಡೆಯ ಕಲ್ಲುಗಳಲ್ಲಿ ಹಾವಿನ ಉಬ್ಬುಕೆತ್ತನೆ ಕಾಣುತ್ತದೆ. ಇದೇ ನಗರದಲ್ಲಿ ಸೂರ್ಯದೇವಾಲಯವಾದ ಕೋರಿಕಾಂಚಾದ ಮೇಲೆ ಸಾಂತೊ ದೊಮಿಂಗೊ ಮಠ ಎದ್ದಿತು. ಇಂಕಾಗಳು ಆಯ್ದ ಕನ್ಯೆಯರನ್ನು ಇರಿಸುತ್ತಿದ್ದ ಅಕ್ಯಾವಾಸಿಯ ಜಾಗದಲ್ಲಿ ಸಾಂತಾ ಕತಲಿನಾ ಸನ್ಯಾಸಿನಿಯರ ಮಠ ಬಂತು. 1950ರ ಭೂಕಂಪದಲ್ಲಿ ಸಾಂತೊ ದೊಮಿಂಗೊದ ಗಾರೆ ಗೋಡೆಗಳು ಕುಸಿದಾಗ ಅವುಗಳೊಳಗೆ ಅಡಗಿದ್ದ ಇಂಕಾ ಗೋಡೆಗಳು ಅಲುಗದೆ ನಿಂತಿದ್ದುದು ಕಂಡುಬಂತು. ಹೀಗಿರುವಾಗ ಆ ಜಾಗದ ಮೂಲ ಬಳಕೆಯನ್ನು ಕಾಪಾಡಬೇಕೆಂದು ವಾದಿಸಹೊರಟರೆ ಯಾವ ಮೂಲವೆಂದು ಮೊದಲು ನಿರ್ಧರಿಸಬೇಕಾದೀತು.

1965ರಲ್ಲಿ ಆ ಕಟ್ಟಡ ಹೋಟೆಲ್ ಆಯಿತು. ಆಮೇಲೆ ಓರಿಯೆಂಟ್ ಎಕ್ಸ್‌ಪ್ರೆಸ್ ಹೋಟೆಲ್ ಸಮೂಹದ ಪಾಲಾಯಿತು, ಆ ಸಮೂಹವು 2014ರಲ್ಲಿ ಬೆಲ್ಮಂಡ್ ಎಂದು ಹೆಸರು ಬದಲಿಸಿಕೊಂಡಿತು, 2019ರಿಂದ ಅದು ಐಷಾರಾಮಿ ಸರಕುಗಳಿಗೆ ಹೆಸರಾದ ಫ್ರಾನ್ಸಿನ ಎಲ್‌ವಿಎಂಎಚ್ ಕಂಪನಿಯ ಕೈಯಲ್ಲಿದೆ. ಭೂಕಂಪದ ಊರಿನಲ್ಲಿ ನಾಲ್ಕು ನೂರು ವರ್ಷದ ಮಣ್ಣು ಕಲ್ಲುಗಳ ಕಟ್ಟಡವನ್ನು ನಿಲ್ಲಿಸಿಕೊಳ್ಳಲು ವರ್ಷವರ್ಷವೂ ಹಣ ಬೇಕು. ಅತಿಥಿಗಳು ಕೊಡುವ ಹಣದಿಂದ ಛಾವಣಿಯೂ ಚಿತ್ರಗಳೂ ಉಳಿದಿವೆ ಎಂಬುದನ್ನು ನಾನು ಒಪ್ಪುತ್ತೇನೆ. ನನಗೆ ಒಪ್ಪಿಗೆಯಾಗದ ಅಂಶ ಬೇರೆ. ಸಾಂತೊ ದೊಮಿಂಗೊಗೂ ಸಾಂತಾ ಕತಲಿನಾದ ವಸ್ತುಸಂಗ್ರಹಾಲಯಕ್ಕೂ ಊರಿನ ಬಡ ವಿದ್ಯಾರ್ಥಿಯೊಬ್ಬ ಚಿಲ್ಲರೆ ಹಣ ಕೊಟ್ಟು ಹೋಗಿಬರಬಹುದು. ತನ್ನ ವಿಶ್ವವಿದ್ಯಾಲಯ ಹುಟ್ಟಿದ ಅಂಗಳವನ್ನು ನೋಡಲು ಮಾತ್ರ ಅವನು ಸಮವಸ್ತ್ರದ ಕಾವಲುಗಾರನನ್ನು ದಾಟಿಹೋಗಬೇಕು. ವಾರಕ್ಕೊಂದು ಹೊತ್ತು ಅಂಗಳವನ್ನೂ ಪ್ರಾರ್ಥನಾಲಯವನ್ನೂ ಎಲ್ಲರಿಗೂ ತೆರೆದಿಡಬೇಕೆಂಬ ಷರತ್ತು ಇಂಥ ಪ್ರತಿಯೊಂದು ಗುತ್ತಿಗೆಯಲ್ಲೂ ಇರಬೇಕೆಂಬುದು ನನ್ನ ಅಭಿಪ್ರಾಯ.

ಪ್ರಶ್ನೆ: ಮೊಟ್ಟೆಯನ್ನೂ ತಿನ್ನದ ಸಸ್ಯಾಹಾರಿಗಳು ಅಲ್ಲಿ ಏನು ಉಣ್ಣಬೇಕು? — ಉಡುಪಿಯ ಓದುಗರೊಬ್ಬರು

ಉತ್ತರ: ಆಲೂಗಡ್ಡೆ ಹುಟ್ಟಿದ ನಾಡಿನಲ್ಲಿ ಸಸ್ಯಾಹಾರಿಗಳು ಉಪವಾಸ ಬೀಳುವುದಿಲ್ಲ. ಸಾವಿರಾರು ತಳಿಯ ಆಲೂಗಡ್ಡೆ, ದಪ್ಪ ಕಾಳಿನ ಬಿಳಿ ಜೋಳದ ತೆನೆಯೊಂದಿಗೆ ಚೀಸಿನ ತುಂಡು, ಕಿನೊವಾ, ಅವರೆಯನ್ನು ಹೋಲುವ ಹಬಾಸ್ ಕಾಳು ಎಲ್ಲವೂ ಧಾರಾಳ. ತೊಡಕಿರುವುದು ಸಾರಿನಲ್ಲಿ. ತರಕಾರಿ ಸೂಪ್ ಎಂದು ಕೊಡುವುದಕ್ಕೂ ಕೋಳಿ ಬೇಯಿಸಿದ ನೀರೇ ಬುನಾದಿಯಾಗಿರುತ್ತದೆ. ಸಿನ್ ಕಾರ್ನೆ, ಅಂದರೆ ಮಾಂಸ ಬೇಡ ಎಂದಷ್ಟೇ ಹೇಳಿದರೆ ಕೆಲವರು ದನ ಕುರಿಯನ್ನು ಮಾತ್ರ ಬಿಟ್ಟು ಕೋಳಿ ಮೀನನ್ನು ತಂದಿಡುತ್ತಾರೆ. ಸಿನ್ ಪೊಯೊ, ಸಿನ್ ಪೆಸ್ಕಾದೊ, ಸಿನ್ ವೆವೊ, ಸಿನ್ ಕಾಲ್ದೊ ದೆ ಕಾರ್ನೆ ಎಂದು ಕೋಳಿ, ಮೀನು, ಮೊಟ್ಟೆ, ಮಾಂಸದ ಸಾರು ನಾಲ್ಕನ್ನೂ ಬೇರೆಬೇರೆಯಾಗಿ ಹೇಳಬೇಕು, ಸಾಧ್ಯವಾದರೆ ಬರೆದು ತೋರಿಸಬೇಕು. ದೊಡ್ಡ ಹೋಟೆಲುಗಳಲ್ಲಿ ಒಂದು ದಿನ ಮುಂಚೆ ತಿಳಿಸಿದರೆ ಅಡುಗೆಯವರು ಪ್ರತ್ಯೇಕವಾಗಿ ಮಾಡಿಕೊಡುತ್ತಾರೆ. ಎತ್ತರದಲ್ಲಿ ನೀರು ಕಡಿಮೆ ಶಾಖಕ್ಕೇ ಕುದಿಯುವುದರಿಂದ ಬೇಳೆಕಾಳು ಬೇಯಲು ಹೊತ್ತು ಹಿಡಿಯುತ್ತದೆ, ಆದ್ದರಿಂದ ಅವಸರದಲ್ಲಿ ಕೇಳಿದರೆ ಅರೆಬೆಂದದ್ದೇ ಸಿಗುತ್ತದೆ. ಮೊದಲ ಎರಡು ದಿನ ರಾತ್ರಿಯೂಟ ಹಗುರವಾಗಿರಲಿ, ಮದ್ಯ ಬೇಡ.

ಪ್ರಶ್ನೆ: ಅಷ್ಟು ದೂರವೂ ಅಷ್ಟು ಹಣವೂ ನಮ್ಮಿಂದಾಗದು. ಹಳೆಯ ಮಠದ ಕಟ್ಟಡದಲ್ಲಿ ತಂಗುವ ಅನುಭವ ಇನ್ನೆಲ್ಲಿ ಸಿಗುತ್ತದೆ? — ಧಾರವಾಡದ ನಿವೃತ್ತ ಶಿಕ್ಷಕರೊಬ್ಬರು

ಉತ್ತರ: ಯೂರೋಪಿಗೆ ಹೋಗುವ ಯೋಚನೆಯಿದ್ದರೆ ಸ್ಪೇನ್ ಮತ್ತು ಪೋರ್ಚುಗಲ್ ಕಡೆ ನೋಡಿ. ಪೋರ್ಚುಗಲ್ 1834ರಲ್ಲಿ, ಸ್ಪೇನ್ 1836ರ ಆಸುಪಾಸಿನಲ್ಲಿ ಸನ್ಯಾಸಿಗಳ ಮಠಗಳನ್ನು ಮುಚ್ಚಿಸಿ ಆಸ್ತಿಯನ್ನು ವಶಪಡಿಸಿಕೊಂಡವು. ಬ್ಯಾರಕ್ಕಾಗಿ, ಉಗ್ರಾಣವಾಗಿ, ಪಾಳಾಗಿ ಉಳಿದ ಆ ಕಟ್ಟಡಗಳಲ್ಲಿ ಕೆಲವು ಇಪ್ಪತ್ತನೆಯ ಶತಮಾನದಲ್ಲಿ ಹೋಟೆಲುಗಳಾದವು. ಸ್ಪೇನಿನಲ್ಲಿ 1928ರಿಂದ ಸರ್ಕಾರವೇ ನಡೆಸುವ ಪಾರಾದೋರ್ ಎಂಬ ಹೋಟೆಲುಗಳ ಜಾಲವಿದೆ. ಗ್ರನಾಡಾದ ಆಲ್‌ಹಂಬ್ರಾ ಕೋಟೆಯೊಳಗಿನ ಪಾರಾದೋರ್ ಹಿಂದೆ ಫ್ರಾನ್ಸಿಸ್ಕನ್ ಮಠವಾಗಿತ್ತು, ರಾಣಿ ಇಸಬೆಲಾಳ ದೇಹವನ್ನು 1521ರವರೆಗೆ ಅಲ್ಲಿಯೇ ಇರಿಸಿದ್ದರು. ಅದು ದುಬಾರಿ, ತಿಂಗಳುಗಟ್ಟಲೆ ಮುಂಚೆ ತುಂಬಿಹೋಗುತ್ತದೆ. ಸ್ಪೇನಿನ ಗಲಿಸಿಯಾ ಪ್ರಾಂತ್ಯದ ಕಾಡಿನ ನಡುವೆ ಮೂರು ಕಮಾನಂಗಳಗಳುಳ್ಳ ಸಾಂತೊ ಎಸ್ತೆವೊ ಮಠ 2004ರಲ್ಲಿ ಪಾರಾದೋರ್ ಆಯಿತು. ಪ್ರವಾಸಿಗರ ದಟ್ಟಣೆ ಇಲ್ಲದ ತಿಂಗಳುಗಳಲ್ಲಿ, ವಾರದ ನಡುವೆ, ಇಂಥ ಕಡೆ ದರ ಬಹಳಷ್ಟು ಇಳಿಯುತ್ತದೆ, ಹಿರಿಯ ನಾಗರಿಕರಿಗೆ ರಿಯಾಯಿತಿ ಇದೆಯೇ ಎಂದೂ ಕೇಳಿ ನೋಡಿ.

ಇನ್ನೂ ಕಡಿಮೆ ಖರ್ಚಿನ ದಾರಿಯೆಂದರೆ ಸನ್ಯಾಸಿಗಳು ಇನ್ನೂ ವಾಸವಿರುವ ಮಠಗಳ ಅತಿಥಿಗೃಹ. ಬಂದ ಅತಿಥಿಯನ್ನು ಯೇಸುವೆಂದೇ ತಿಳಿದು ಬರಮಾಡಿಕೊಳ್ಳಬೇಕೆಂದು ಸಂತ ಬೆನೆಡಿಕ್ಟರು ಸನ್ಯಾಸಿಗಳಿಗಾಗಿ ಬರೆದ ನಿಯಮಾವಳಿಯ 53ನೇ ಅಧ್ಯಾಯ ಹೇಳುತ್ತದೆ. ಸಿದ್ಧಗಂಗೆ, ಸುತ್ತೂರುಗಳ ದಾಸೋಹ ಕಂಡವರಿಗೆ ಆ ಮಾತು ಹೊಸದೆನಿಸದು. ಸ್ಪೇನ್ ಇಟಲಿಗಳ ಅನೇಕ ಬೆನೆಡಿಕ್ಟೈನ್ ಮಠಗಳಲ್ಲಿ ಮಂಚ, ಮೇಜು, ಶಿಲುಬೆಯಷ್ಟೇ ಇರುವ ಸರಳ ಕೋಣೆ ಕೊಡುತ್ತಾರೆ. ಕೆಲವು ಕಡೆ ಗಂಡಸರಿಗೆ ಮಾತ್ರ ಪ್ರವೇಶ, ಕೆಲವು ಕಡೆ ದಂಪತಿಗಳಿಗೂ ಉಂಟು, ರಾತ್ರಿ ನಿಗದಿತ ಹೊತ್ತಿಗೆ ಹೊರಬಾಗಿಲು ಹಾಕಿಬಿಡುತ್ತಾರೆ. ಪ್ರಾರ್ಥನೆಗೆ ಬರಲೇಬೇಕೆಂಬ ಒತ್ತಾಯವನ್ನು ಸಾಮಾನ್ಯವಾಗಿ ಮಾಡುವುದಿಲ್ಲ, ಆದರೆ ಊಟದ ಹೊತ್ತಿನಲ್ಲಿ ಮೌನವನ್ನು ಪಾಲಿಸಬೇಕಾಗಬಹುದು. ಇಂಥಲ್ಲಿಗೆ ಮಧ್ಯವರ್ತಿಗಳ ಮೂಲಕ ಹೋಗುವುದಕ್ಕಿಂತ ಆ ಮಠದ ಅತಿಥಿಗೃಹದ ಉಸ್ತುವಾರಿ ಹೊತ್ತ ಸನ್ಯಾಸಿಗೆ ನೇರವಾಗಿ ಪತ್ರ ಬರೆದು, ದಂಪತಿಗಳು ಬರುತ್ತಿದ್ದೇವೆ, ಸಸ್ಯಾಹಾರಿಗಳು, ಇಂಥ ದಿನ ಬಂದು ಇಂಥ ದಿನ ಹೊರಡುತ್ತೇವೆ ಎಂದು ಸ್ಪಷ್ಟವಾಗಿ ತಿಳಿಸಿ, ಉತ್ತರ ಬಂದ ನಂತರವೇ ವಿಮಾನದ ಟಿಕೆಟ್ ಕೊಳ್ಳಿ.